ಕುಕ್ಕರಹಳ್ಳಿ ಕೆರೆ ಗೇಟ್ ಹತ್ರ ಒಂದು ಚಾರ್ಟ್ ಪೇಪರ್: ನನ್ನ ಅನುಭವ

ನಾನು ಮೈಸೂರಲ್ಲಿ ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ದಿನಾ ಬೇರೆಯವರ ಮಂಡಿ, ಸೊಂಟ, ಭುಜ ನೋಡೋದೇ ಕೆಲ್ಸ. ಮಂಡಿನೋವು ಅಂತ ಬಂದ ಹೆಂಗಸ್ರಿಗೆ ಸೀರೆ ಸ್ವಲ್ಪ ಮೇಲೆ ಮಾಡ್ಕೊಳಿ ಅಮ್ಮ ಅಂದ್ರೆ ಮೊದ್ಲು ಬಾಯಿಗೆ ಬರೋದು ನೋವಿನ ವಿಷಯ ಅಲ್ಲ, "ಕಾಲು ತುಂಬಾ ಕಪ್ಪಗಿದೆ ಮೇಡಂ, ಹಿಮ್ಮಡಿ ಬೇರೆ ಒಡ್ದಿದೆ, ತಪ್ಪು ತಿಳ್ಕೋಬೇಡಿ" ಅಂತ. ಐವತ್ತು ವರ್ಷ ಅವ್ರನ್ನ ಹೊತ್ಕೊಂಡು ತಿರುಗಿರೋ ಕಾಲು ಅದು. ಪ್ರತಿಸಲ ಕರುಳು ಚುರುಕ್ ಅನ್ನುತ್ತೆ ನಂಗೆ.

2015ರಲ್ಲಿ ಲಂಡನ್ನಿನ ಪಿಕಡಿಲಿ ಸರ್ಕಸ್ಸಲ್ಲಿ ಜೇ ವೆಸ್ಟ್ ಅನ್ನೋ ಹೆಂಗಸು, ನಮ್ಮ ಮೈಯನ್ನ ಇದ್ದ ಹಾಗೇ ಒಪ್ಕೊಳ್ಳೋಣ ಅಂತ ಹೇಳೋಕೆ, ಕಣ್ಣಿಗೆ ಬಟ್ಟೆ ಕಟ್ಕೊಂಡು ಒಳಉಡುಪಲ್ಲಿ ನಿಂತು, ದಾರೀಲಿ ಹೋಗೋರಿಂದ ಮೈಮೇಲೆ ಮಾರ್ಕರಲ್ಲಿ ಹಾರ್ಟ್ ಬರೆಸ್ಕೊಂಡಿದ್ರು, ಅದನ್ನ ನೋಡಿ ಅದೇ ವರ್ಷ ಅಮೆರಿಕದ ಬಾಯ್ಸಿ ಊರಿನ ಮಾರ್ಕೆಟ್ಟಲ್ಲಿ ಏಮಿ ಪೆನ್ಸ್ ಬ್ರೌನ್ ಅನ್ನೋ ದಪ್ಪ ಮೈಯ ತಾಯಿ ಬಿಕಿನಿಯಲ್ಲಿ ಹಾಗೇ ನಿಂತ್ರು. ಆ ವಿಡಿಯೋ ನೋಡಿ ನಾನು ಅತ್ತಿದ್ದೆ. ಆದ್ರೆ ಅದನ್ನ ಹಾಗೇ ಮೈಸೂರಿಗೆ ತರೋಕಾಗಲ್ಲ, ತರಬೇಕಾಗೂ ಇಲ್ಲ ಅನ್ನಿಸ್ತು. ನಮ್ಮೂರಿಗೆ ಸರಿಹೋಗೋ ದಾರಿ ಏನು ಅಂತ ವರ್ಷಗಟ್ಟಲೆ ತಲೇಲಿ ಕೊರೀತಿತ್ತು.

ಜಾಗ ಮಾತ್ರ ಮೊದ್ಲೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಕೆರೆಗೆ ವಾಕಿಂಗ್ ಬರೋರು ಎಷ್ಟು ಜನ, ಗೇಟ್ ಹೊರಗೆ ಹಾಗಲಕಾಯಿ ಜ್ಯೂಸು, ಬೂದುಗುಂಬಳದ ಜ್ಯೂಸು, ಪಕ್ಕದಲ್ಲೇ "ಫ್ರೀ ಬಾಡಿ ಚೆಕಪ್" ಅಂತ ಒಂದು ಟೇಬಲ್ಲು, ತೂಕದ ಮೆಷಿನ್ನು. ಅದರ ಮೇಲೆ ಹತ್ತಿ ಇಳಿಯೋರ ಮುಖ ನೋಡ್ಬೇಕು ನೀವು, ನಗ್ತಾ ಬಂದೋರು ಚೀಟಿ ಹಿಡ್ಕೊಂಡು ಸಪ್ಪಗೆ ಹೋಗ್ತಾರೆ. ಚೀಟೀಲಿರೋ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಲೆಕ್ಕ, 19ನೇ ಶತಮಾನದಲ್ಲಿ ಬೆಲ್ಜಿಯಂನ ಕ್ವೆಟ್ಲೆ ಅನ್ನೋ ಸಂಖ್ಯಾಶಾಸ್ತ್ರಜ್ಞ ಹಾಕಿದ್ದು, ಅವ್ರು ಡಾಕ್ಟರೇ ಅಲ್ಲ. ಮೈಯಲ್ಲಿರೋದು ಮಾಂಸಖಂಡಾನಾ ಕೊಬ್ಬಾ ಅಂತಾನೂ ಅದು ಹೇಳಲ್ಲ. ತೂಕದಿಂದ ಮಂಡಿಗೆ ಏನೂ ಆಗಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಶುಗರ್ ಬಿಪಿ ನೋಡಿಸ್ಕೊಳ್ಳಲೇಬೇಕು. ಆದ್ರೆ ಮೈ ಮೇಲೆ ಸಿಟ್ಟು ಮಾಡ್ಕೊಂಡು ಶುರು ಮಾಡಿದ ಎಕ್ಸರ್‌ಸೈಜ್ ಮೂರು ವಾರ ದಾಟಿದ್ದನ್ನ ನನ್ನ ಕ್ಲಿನಿಕ್ಕಲ್ಲಿ ಕಂಡಿದ್ದು ಅಪರೂಪ.

ಮೊದಲ ಭಾನುವಾರ "ನಿಮ್ಮ ದೇಹವನ್ನು ಪ್ರೀತಿಸಿ" ಅಂತ ಬೋರ್ಡ್ ಬರ್ಕೊಂಡು ಹೋಗಿ ನಿಂತೆ. ಎರಡು ಗಂಟೇಲಿ ಬಂದಿದ್ದು ಒಬ್ರೇ ಅಂಕಲ್, "ಏನಮ್ಮಾ, ಯಾವ ಕಂಪ್ನಿ ಪ್ರಾಡಕ್ಟು" ಅಂತ ಕೇಳೋಕೆ. ಆ ಮಾತು ನಮ್ಮ ಬಾಯಲ್ಲಿ ಯಾರೂ ಆಡಲ್ಲ, ಹೆಂಗಸ್ರಿಗಂತೂ ಓದೋಕೇ ಮುಜುಗರ. ಮುಂದಿನ ವಾರ ದೊಡ್ಡ ಕನ್ನಡಿ ಇಟ್ಟೆ. ಬಂದ್ರು, ಕೂದಲು ಸರಿಮಾಡ್ಕೊಂಡ್ರು, ಹೊಟ್ಟೆ ಒಳಗೆಳ್ಕೊಂಡ್ರು, ಹೋದ್ರು. ಕನ್ನಡಿ ಮುಂದೆ ಎಲ್ರೂ ತಮ್ಮಲ್ಲಿ ತಪ್ಪನ್ನೇ ಹುಡುಕ್ತಾರೆ ಅಂತ ಅವತ್ತು ಅರ್ಥ ಆಯ್ತು.

ಮೂರನೇ ವಾರ ಕನ್ನಡಿ ಬಿಟ್ಟು ಚಾರ್ಟ್ ಪೇಪರ್, ಸ್ಕೆಚ್ ಪೆನ್ ತಗೊಂಡೋದೆ. ಬೋರ್ಡಲ್ಲಿ ಒಂದೇ ಪ್ರಶ್ನೆ: "ಈ ಕೈ ಇಲ್ಲೀವರೆಗೂ ಏನೇನ್ ಮಾಡಿದೆ?" ಪೇಪರ್ ಮೇಲೆ ಕೈ ಅಗಲಿಸಿ ಇಡೋದು, ಸುತ್ತ ಗೆರೆ ಎಳ್ಕೊಳ್ಳೋದು, ಒಳಗೆ ಉತ್ತರ ಬರೆಯೋದು, ಅಷ್ಟೇ. ಒಂದು ಕೈಯಲ್ಲಿ 27 ಮೂಳೆ ಇದೆ ಅಂತ ನಾನು ಮಾತು ಶುರು ಮಾಡ್ತೀನಿ, ಹೌದಾ ಅಂತ ಕೈ ತಿರುಗಿಸಿ ನೋಡ್ಕೊಳ್ತಾರೆ, ಅಲ್ಲಿಂದ ಮಾತು ತಾನಾಗೇ ಬರುತ್ತೆ.

ಗೇಟ್ ಹತ್ರ ಹೂ ಮಾರೋ ಅಜ್ಜಿ ಬಂದ್ರು. ಬರೆಯೋಕೆ ಬರಲ್ಲ ನೀನೇ ಬರಿಯವ್ವ ಅಂದ್ರು. ತೋರುಬೆರಳ ಪಕ್ಕದಲ್ಲಿ, ಬಾಳೆನಾರು ಎಳೆದೂ ಎಳೆದೂ, ಸಣ್ಣ ಕಾಲುವೆ ತರ ಒಂದು ಗೀರು, ಅಲ್ಲಿ ಚರ್ಮ ಗಟ್ಟಿಯಾಗಿ ಹೊಳೀತಿತ್ತು. ಎಷ್ಟು ಮೊಳ ಕಟ್ಟಿರಬಹುದು ಅಜ್ಜಿ ಅಂದೆ. ಸುಮಾರು ಹೊತ್ತು ಆ ಬೆರಳನ್ನೇ ಹೆಬ್ಬೆರಳಿಂದ ಸವರಿ, "ಮೂರು ಹೆಣ್ಮಕ್ಕಳ ಮದ್ವೆಯಾಗೋವಷ್ಟು ಅಂತ ಬರ್ಕೋ" ಅಂದ್ರು. ಬರೆಯೋವಾಗ ನನ್ನ ಕೈ ನಡುಗ್ತು.

ಒಂದು ವಿಷಯದಲ್ಲಿ ನಾನು ಬಹಳ ಸ್ಟ್ರಿಕ್ಟು. ಯಾರಿಗೂ "ನೀವು ಚೆನ್ನಾಗಿದೀರ" ಅನ್ನಲ್ಲ. ಹಾಗಂದ್ರೆ ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡೋ ಹಕ್ಕು ನಂದಾಗ್ಬಿಡುತ್ತೆ, ನಾಳೆ ಇನ್ನೊಬ್ರು ಚೆನ್ನಾಗಿಲ್ಲ ಅಂದ್ರೆ ಅದೂ ನಿಜ ಆಗ್ಬಿಡುತ್ತೆ. ಮೈ ಮುಟ್ಟಲ್ಲ, ಗೆರೆ ಅವ್ರೇ ಎಳ್ಕೋಬೇಕು, ಫೋಟೋ ಇಲ್ವೇ ಇಲ್ಲ. ಹಾದು ಹೋಗೋರನ್ನ ಕರೆಯೋದೂ ಇಲ್ಲ.

ಒಂದ್ಸಲ ಪಿಯುಸಿ ಓದೋ ಹುಡುಗಿ ಬಂದ್ಳು, ಕೈ ಇಡೋಕೇ ಹಿಂಜರೀತಿದ್ಳು. ಮನೇಲಿ ಎಲ್ರೂ "ಕಪ್ಪಗಿದ್ರೂ ಲಕ್ಷಣವಾಗಿದಾಳೆ" ಅಂತಾರಂತೆ. ಆ "ಇದ್ರೂ" ಇದ್ಯಲ್ಲ, ಅದನ್ನ ಕೇಳಿ ಬೆಳೆಯದ ಹೆಣ್ಮಗು ನಮ್ಮ ಕಡೆ ಎಲ್ಲಿದೆ ಹೇಳಿ. 1975ರಿಂದ ಮಾರ್ತಿದ್ದ ಫೇರ್ ಅಂಡ್ ಲವ್ಲಿ ಟ್ಯೂಬ್ ಮೇಲಿನ ಫೇರ್ 2020ರಲ್ಲಿ ಹೋಗಿ ಗ್ಲೋ ಆಯ್ತು, ಮನೆಗಳಲ್ಲಿ ಆ "ಇದ್ರೂ" ಹೋಗಿಲ್ಲ. ನಾನು ಬಣ್ಣದ ಬಗ್ಗೆ ಸಮಾಧಾನ ಏನೂ ಹೇಳ್ಲಿಲ್ಲ, ಪ್ರಶ್ನೆ ಮಾತ್ರ ತೋರಿಸ್ದೆ. ಸುಮ್ನೆ ನಿಂತಿದ್ದು ಆಮೇಲೆ ಬರೆದ್ಳು, "ಥ್ರೋಬಾಲ್‌ನಲ್ಲಿ ಕೊನೇ ಸರ್ವ್ ಹಾಕಿದ್ದು ಈ ಕೈ."

ಐದಾರು ವಾರ ಆದ್ಮೇಲೆ ಅವಳು ಅಮ್ಮನ್ನ ಕರ್ಕೊಂಡು ಬಂದ್ಳು. ನನ್ನ ಕಡೆ ನೋಡಿ ಸಣ್ಣಗೆ ನಕ್ಕು ಸೀದಾ ಚಾರ್ಟ್ ಹತ್ರ ಹೋಗಿ ಎಲ್ಲಾ ತಾನೇ ವಿವರಿಸ್ತಿದ್ಳು. ಅಮ್ಮ ಬಳೆ ಹಿಂದಕ್ಕೆ ಸರಿಸ್ಕೊಂಡು ಕೇಳಿದ್ರು, "ಬಲಗೈ ಇಡ್ಲಾ, ಎಡಗೈನಾ?" ಎರಡೂ ಇಡಮ್ಮ, ಜಾಗ ಇದೆ, ಅಂದ್ಳು ಅವಳು.