ಬ್ರೌನ್ ಹಿಮನದಿಯ ಮೂತಿ ಹುಡುಕಿದ್ದು ಹೀಗೆ

ಕಾರವಾರದಿಂದ ಹೆಚ್ಚುಕಮ್ಮಿ ನೇರ ದಕ್ಷಿಣಕ್ಕೆ ಸುಮಾರು 7,500 ಕಿ.ಮೀ. ಹೋದರೆ ಹರ್ಡ್ ದ್ವೀಪ ಸಿಗುತ್ತದೆ. ಆಸ್ಟ್ರೇಲಿಯಾದ್ದು, ಆದರೆ ಪರ್ತ್‌ನಿಂದಲೂ 4,000 ಕಿ.ಮೀ. ದೂರ. ಊರಿಲ್ಲ, ವಿಮಾನ ಇಳಿಯೋ ಜಾಗವಿಲ್ಲ. ನಡುವೆ ಬಿಗ್ ಬೆನ್ ಅನ್ನೋ ಜೀವಂತ ಜ್ವಾಲಾಮುಖಿ, 2,745 ಮೀಟರ್ ಎತ್ತರ. ಅದರ ಮೈಮೇಲಿಂದ ಸುತ್ತಲೂ ಹಿಮನದಿಗಳು ಇಳಿಯುತ್ತವೆ. ಪೂರ್ವ ಬದಿಯ ಚಿಕ್ಕದೊಂದರ ಹೆಸರು ಬ್ರೌನ್. 1947ರಿಂದ 2004ರ ಹೊತ್ತಿಗೆ ಅದರ ವಿಸ್ತೀರ್ಣ ಶೇ. 29ರಷ್ಟು ಕುಗ್ಗಿತ್ತು ಅಂತ ಅಲ್ಲಿಗೇ ಹೋಗಿ ಅಳೆದವರು ಬರೆದಿದ್ದಾರೆ. ಆಮೇಲೆ ಅದರ ಮೂತಿ, ಅಂದರೆ ಕೆಳಗಿನ ತುದಿ, ಏನಾಯ್ತು ಅಂತ ನಾನೇ ನೋಡಬೇಕು ಅನ್ನಿಸಿತು. ಉಪಗ್ರಹ ಚಿತ್ರಗಳು ಪುಕ್ಕಟೆ, ನಕ್ಷೆ ಕೆಲಸಕ್ಕೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ.

ನಿಜವಾದ ಕಷ್ಟ ಮೋಡ. ವರ್ಷವಿಡೀ ಪಶ್ಚಿಮದ ಗಾಳಿ ಬಂದು ಬೆಟ್ಟಕ್ಕೆ ಬಡಿಯುತ್ತದೆ, ದ್ವೀಪ ಸದಾ ಮುಸುಕಿನೊಳಗೆ. ಚಿತ್ರ ಹುಡುಕುವಾಗ ‘ಮೋಡ ಶೇ. 20ಕ್ಕಿಂತ ಕಡಿಮೆ’ ಅಂತ ಜರಡಿ ಹಾಕಲೇಬೇಡಿ. ಲ್ಯಾಂಡ್‌ಸ್ಯಾಟ್ ಅನ್ನೋ ಅಮೆರಿಕದ ಉಪಗ್ರಹಗಳ ಒಂದು ಚಿತ್ರ 185 ಕಿ.ಮೀ. ಅಗಲ, ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಬರೀ ಸಮುದ್ರ, ಹಾಗಾಗಿ ಆ ಶೇಕಡಾ ಲೆಕ್ಕ ಸಮುದ್ರದ ಮೇಲಿನ ಮೋಡದ ಕಥೆ ಹೇಳುತ್ತದೆಯೇ ಹೊರತು ನಮಗೆ ಬೇಕಾದ ಜಾಗದ್ದಲ್ಲ. ಎಲ್ಲ ಪುಟಾಣಿ ಚಿತ್ರಗಳನ್ನೂ ಕಣ್ಣಲ್ಲೇ ನೋಡಿದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಬೆಟ್ಟದ ಮರೆಯಲ್ಲಿರೋದರಿಂದ ಪೂರ್ವ ಬದಿ ಆಗಾಗ ತೆರೆದುಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನವು ಮಾತ್ರ ಇಟ್ಟುಕೊಂಡೆ. ಅಲ್ಲಿ ಆಗ ಬೇಸಿಗೆ ಮುಗಿಯುವ ಕಾಲ, ಹೊಸ ಹಿಮ ಬಿದ್ದು ಅಂಚು ಮುಚ್ಚಿಹೋಗಿರೋದಿಲ್ಲ.

2003ರ ಮೇ ನಂತರದ ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ ಖಾಲಿ ಪಟ್ಟೆಗಳಿವೆ, ಉಪಗ್ರಹದ ಒಂದು ಭಾಗ ಕೆಟ್ಟಿದ್ದರಿಂದ. ಪಟ್ಟೆ ಮೂತಿಯ ಮೇಲೆ ಬಿದ್ದಿದ್ದರೆ ಚಿತ್ರ ಬಿಟ್ಟುಬಿಡಿ, ತುಂಬಿಸೋಕೆ ಹೋಗಬೇಡಿ. ಇನ್ನೊಂದು ವಿಚಿತ್ರ: ಲ್ಯಾಂಡ್‌ಸ್ಯಾಟ್ ಈ ದ್ವೀಪವನ್ನು ‘ಯುಟಿಎಂ 43 ಉತ್ತರ’ ಅಂತ ಕೊಡುತ್ತದೆ, ಯುರೋಪಿನ ಉಪಗ್ರಹ ಸೆಂಟಿನೆಲ್-2 ‘43 ದಕ್ಷಿಣ’ ಅಂತ. (ಯುಟಿಎಂ ಅಂದರೆ ಭೂಮಿಯನ್ನು ಸಂಖ್ಯೆ ಕೊಟ್ಟ ಪಟ್ಟಿಗಳಾಗಿ ಹಂಚಿ ಜಾಗಗಳನ್ನು ಮೀಟರ್‌ಗಳಲ್ಲಿ ಗುರುತಿಸೋ ಪದ್ಧತಿ.) ಕರಾವಳಿ ಕರ್ನಾಟಕವೂ 43 ಉತ್ತರವೇ! ಕ್ಯೂಜಿಐಎಸ್ ಪರದೆಯ ಮೇಲೆ ಎರಡನ್ನೂ ಸರಿಯಾಗೇ ಕೂರಿಸುತ್ತದೆ, ಆದರೆ ಅಂಕಿಗಳನ್ನು ಹೊರತೆಗೆದು ಲೆಕ್ಕ ಮಾಡುವಾಗ 10,000 ಕಿ.ಮೀ. ವ್ಯತ್ಯಾಸ ಬರುತ್ತದೆ. ಎಲ್ಲವನ್ನೂ ಮೊದಲೇ 43 ದಕ್ಷಿಣಕ್ಕೆ ಬದಲಿಸಿಕೊಂಡೆ.

ಹಿಮವನ್ನು ಬೇರ್ಪಡಿಸೋಕೆ ಹಸಿರು ಬ್ಯಾಂಡ್ ಮತ್ತು ಕಣ್ಣಿಗೆ ಕಾಣದ ಕಿರುತರಂಗ ಅವಕೆಂಪು ಬ್ಯಾಂಡ್ ಹೋಲಿಸೋ ಸೂತ್ರ ಇದೆ (ಬ್ಯಾಂಡ್ ಅಂದರೆ ಉಪಗ್ರಹ ಬೇರೆಯಾಗಿ ದಾಖಲಿಸೋ ಒಂದೊಂದು ಬಗೆಯ ಬೆಳಕು). ಹಿಮ ಹಸಿರನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ, ಇನ್ನೊಂದನ್ನು ನುಂಗುತ್ತದೆ. ಮೇಲಿನ ಬಿಳಿ ಭಾಗಕ್ಕೆ ಸೂತ್ರ ಸೊಗಸು. ಮೂತಿಯ ಹತ್ತಿರ ಮಾತ್ರ ನಂಬಬೇಡಿ. ಅಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು, ಬೂದಿ, ಎದುರಿಗೆ ಹಿಮನದಿ ಹಿಂದೆ ಸರಿದಾಗ ಹುಟ್ಟಿದ ಕೊಳ. ಸೂತ್ರ ಕೊಳದ ನೀರನ್ನು ಹಿಮ ಅನ್ನುತ್ತದೆ, ಕಲ್ಲು ಹೊದ್ದ ಗಡ್ಡೆಯನ್ನು ನೆಲ ಅನ್ನುತ್ತದೆ. ಅದಕ್ಕೆ ಆ ತುಂಡು ಅಂಚನ್ನು ಚಿತ್ರ ಹಿಗ್ಗಿಸಿಕೊಂಡು ಕೈಯಲ್ಲೇ ಎಳೆದೆ.

ಹಿಂದೆ ಸರಿದ ದೂರಕ್ಕೆ ಒಂದೇ ನಡುಗೆರೆ ಸಾಲದು, ಮೂತಿ ನೆಟ್ಟಗೆ ಇರೋದಿಲ್ಲ ಅಲ್ವಾ. ಹಿಮನದಿಯಷ್ಟೇ ಅಗಲದ ಪೆಟ್ಟಿಗೆ ಬರೆದು, ಎರಡು ವರ್ಷಗಳ ಅಂಚಿನ ನಡುವಿನ ವಿಸ್ತೀರ್ಣವನ್ನು ಆ ಅಗಲದಿಂದ ಭಾಗಿಸಿದೆ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ ಅಂದರೆ 30 ಮೀಟರ್, ಸೆಂಟಿನೆಲ್-2ರಲ್ಲಿ 10. ಹಾಗಾಗಿ ‘ಈ ವರ್ಷ 15 ಮೀಟರ್ ಸರಿಯಿತು’ ಅಂತ ಹಳೇ ಲ್ಯಾಂಡ್‌ಸ್ಯಾಟ್ ಇಟ್ಟುಕೊಂಡು ಹೇಳೋದು ಸುಮ್ನೆ ಬೊಗಳೆ. ಐದಾರು ವರ್ಷದ ಅಂತರ ಬಿಟ್ಟು ಹೋಲಿಸಿದಾಗಲೇ ಗೆರೆಗಳು ಸ್ಪಷ್ಟವಾಗಿ ಬೇರೆಯಾದವು, ಹೊಸದು ಹಳೆಯದಕ್ಕಿಂತ ಬೆಟ್ಟದ ಕಡೆಗೆ.

ಆದರೆ ಇದು ಅಂಚಿನ ಲೆಕ್ಕ ಮಾತ್ರ. ಹಿಮನದಿ ತೆಳ್ಳಗಾಗೋದು ಮೇಲಿಂದ ತೆಗೆದ ಇಂಥ ಚಿತ್ರದಲ್ಲಿ ಕಾಣೋದಿಲ್ಲ. ಅದಕ್ಕೆ ಬೇರೆ ಬೇರೆ ವರ್ಷಗಳ ಎತ್ತರದ ನಕ್ಷೆಗಳನ್ನು ಒಂದರಿಂದೊಂದು ಕಳೆಯಬೇಕು. ಯಾರಾದರೂ ಈ ಜಾಗಕ್ಕೆ ಅದನ್ನು ಮಾಡಿದ್ದರೆ ತಿಳಿಸಿ.