ಸೊನ್ನೆ ನಿಮಿಷದ ರಕ್ತ

ಮೇವು ತಿಂದ ಮೇಲೆ ಕುರಿಯ ಜಠರದ ಹಾರ್ಮೋನು ಎಷ್ಟು ಇಳಿಯುತ್ತದೆ ಅಂತ ಅಳೆಯೋಕೆ ಹೊರಟಿದ್ದೆ. ಕೊನೆಗೆ ನನಗೆ ಹೆಚ್ಚು ಕಲಿಸಿದ್ದು ಮೇವು ಹಾಕುವುದಕ್ಕೆ ಮುಂಚಿನ ಅರ್ಧ ಗಂಟೆ.

ನಾನು ಹಿಂದೆ ಬಿದ್ದಿದ್ದು ಗ್ರೆಲಿನ್‌ಗೆ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮತ್ತು ಜೊತೆಗಾರರು ಇಲಿಯ ಜಠರದಲ್ಲಿ ಕಂಡುಹಿಡಿದ ಹಾರ್ಮೋನು ಇದು. ಹೊಟ್ಟೆ ಖಾಲಿ ಇದ್ದಾಗ ರಕ್ತದಲ್ಲಿ ಏರುತ್ತದೆ, ತಿಂದ ಮೇಲೆ ಇಳಿಯುತ್ತದೆ. ಕುರಿಗೆ ನಾಲ್ಕು ಕೋಣೆಯ ಹೊಟ್ಟೆ. ಗ್ರೆಲಿನ್ ಮುಖ್ಯವಾಗಿ ಬರುವುದು ನಾಲ್ಕನೆಯದರಿಂದ, ಅಂದರೆ ಹುಳಿರಸ ಸುರಿಸುವ ನಿಜವಾದ ಜಠರದಿಂದ.

ನಮ್ಮ ಕುರಿಗಳಿಗೆ ದಿನಾ ಒಂದೇ ಹೊತ್ತಿಗೆ ಮೇವು. ಮೊದಲ ಸಲ ಬಂದ ಫಲಿತಾಂಶದಲ್ಲಿ, ತಿಂದ ಮೇಲಿನ ಇಳಿತ ಚೆನ್ನಾಗೇ ಕಂಡಿತ್ತು. ಆದರೆ 'ಸೊನ್ನೆ ನಿಮಿಷ' ಅಂತ ಬರೆದ, ಮೇವಿಗೆ ಮುಂಚಿನ ಅಂಕಿಗಳು ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಹಾರ್ಮೋನು ಅಳೆಯುವ ಕಿಟ್ ಸರಿ ಇಲ್ಲವೇನೋ ಅಂದುಕೊಂಡೆ. ಆಮೇಲೆ ನೋಟ್‌ಬುಕ್ ತೆಗೆದು, ಯಾವ ಕುರಿಯ ರಕ್ತ ಎಷ್ಟು ಹೊತ್ತಿಗೆ ತೆಗೆದೆ ಅಂತ ನೋಡಿದೆ. ಮೊದಲು ತೆಗೆದ ಕುರಿಯಲ್ಲಿ ಗ್ರೆಲಿನ್ ಕಡಿಮೆ, ಕೊನೆಗೆ ತೆಗೆದದ್ದರಲ್ಲಿ ಜಾಸ್ತಿ. ಎಲ್ಲ ಕುರಿಗಳನ್ನೂ ಮುಗಿಸೋಕೆ ನನಗೆ ಅರ್ಧ ಗಂಟೆ ಹಿಡಿದಿತ್ತು. ಆ ಅರ್ಧ ಗಂಟೆಯಲ್ಲೇ ಹಾರ್ಮೋನು ಮೇಲೇರುತ್ತಾ ಇತ್ತು. ನಾನು ಅದನ್ನೆಲ್ಲ 'ಸೊನ್ನೆ' ಅನ್ನುವ ಒಂದೇ ಖಾನೆಗೆ ತುಂಬಿದ್ದೆ.

ಮುಂದಿನ ಸಲ ಹಿಂದಿನ ದಿನವೇ ಕುತ್ತಿಗೆಯ ರಕ್ತನಾಳಕ್ಕೆ ತೆಳುವಾದ ಕೊಳವೆ ಹಾಕಿಟ್ಟೆ. ಪ್ರತಿ ಸಲ ಸೂಜಿ ಚುಚ್ಚಿದರೆ ಪ್ರಾಣಿ ಹೆದರುತ್ತದೆ, ಹೆದರಿಕೆಯೂ ಹಾರ್ಮೋನುಗಳನ್ನು ಅಲುಗಾಡಿಸುತ್ತದೆ. ಮೇವಿಗೆ ಒಂದು ಗಂಟೆ ಇರುವಾಗಿನಿಂದಲೇ ಹತ್ತು ನಿಮಿಷಕ್ಕೊಮ್ಮೆ ರಕ್ತ ತೆಗೆದೆ. ಹೊತ್ತು ಹತ್ತಿರ ಬಂದಂತೆ ಕುರಿಗಳು ಮೆಲುಕು ಹಾಕೋದು ನಿಲ್ಲಿಸಿ ಎದ್ದು ನಿಂತವು, ಬಾಗಿಲ ಕಡೆ ಕಿವಿ ತಿರುಗಿಸಿದವು. ಆಮೇಲೆ ಗೆರೆ ಎಳೆದು ನೋಡಿದರೆ, ಗ್ರೆಲಿನ್ ಏರಿದ್ದೂ ಆ ಹೊತ್ತಿಗೇ. ಬಕೆಟ್ ಸದ್ದು ಕೇಳಿ ಹೀಗಾಯ್ತಾ ಅಂತ ಇನ್ನೊಂದು ದಿನ ಸದ್ದೇ ಇಲ್ಲದಂತೆ ಮಾಡಿದೆ. ಆಗಲೂ ಏರಿತು. ಅವುಗಳ ಮೈಗೆ ಹೊತ್ತು ಗೊತ್ತಿತ್ತು. ಇಡೀ ದಿನ ಮುಂದೆ ಮೇವು ಬಿದ್ದಿರುತ್ತಿದ್ದ ಕುರಿಗಳಲ್ಲಿ ಮಾತ್ರ ಅಂಥ ಏರು ಕಾಣಲಿಲ್ಲ. ಬೇರೆಯವರು ಕುರಿಗಳಲ್ಲಿ ಮಾಡಿದ ಪ್ರಯೋಗಗಳಲ್ಲೂ ಹೀಗೇ ಬಂದಿದೆ ಅಂತ ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಟ್ಯೂಬಿನ ವಿಷಯವನ್ನೂ ಹೇಳಲೇಬೇಕು. ಗ್ರೆಲಿನ್ ಅಮೈನೋ ಆಮ್ಲಗಳ ಸರಪಳಿ, ಇಲಿ ಮತ್ತು ಮನುಷ್ಯರಲ್ಲಿ 28, ಕುರಿಯಲ್ಲಿ 27. ಮೂರನೆಯದಕ್ಕೆ ಎಂಟು ಇಂಗಾಲದ ಕೊಬ್ಬಿನಾಮ್ಲ ಅಂಟಿಕೊಂಡಿರುತ್ತದೆ. ಹಸಿವಿನ ಕೆಲಸ ಮಾಡೋದು ಈ ಅಂಟು ಇರುವ ರೂಪ. ರಕ್ತವನ್ನು ಸುಮ್ನೆ ಮೇಜಿನ ಮೇಲೆ ಇಟ್ಟರೆ ಆ ಕೊಬ್ಬಿನಾಮ್ಲ ಕಳಚಿಹೋಗುತ್ತದೆ. ಹಾಗಾಗಿ ಟ್ಯೂಬು ಐಸ್‌ನಲ್ಲೇ ಇರಬೇಕು, ಒಳಗೆ ಕಿಣ್ವ ತಡೆಯುವ ಔಷಧಿ ಇರಬೇಕು, ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಬೇರ್ಪಡಿಸಿದ ತಕ್ಷಣ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಬೇಕು. ಕರುಳಿನಿಂದ ಬರುವ ಇನ್ನೊಂದು ಹಾರ್ಮೋನು ಜಿಎಲ್‌ಪಿ-1 ಇನ್ನೂ ನಾಜೂಕು. ಡಿಪಿಪಿ-4 ಅನ್ನುವ ಕಿಣ್ವ ಅದನ್ನು ನಿಮಿಷಗಳಲ್ಲೇ ಕತ್ತರಿಸಿಬಿಡುತ್ತದೆ, ಅದಕ್ಕೆ ತಡೆ ಹಾಕಿದ ಬೇರೆ ಟ್ಯೂಬೇ ಬೇಕು.

ಕೊಬ್ಬು, ಪ್ರೋಟೀನು ಸಣ್ಣ ಕರುಳಿಗೆ ಇಳಿದಾಗ ಬರುವ ಸಿಸಿಕೆ ಅನ್ನುವ ಹಾರ್ಮೋನನ್ನೂ ಅಳೆದೆ. ದೊಡ್ಡ ಏರು ಸಿಗಲಿಲ್ಲ. ಕುರಿಯ ಮೊದಲ ಕೋಣೆಯಿಂದ ಮೇವು ದಿನವಿಡೀ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿರುತ್ತದೆ, ಒಂದೇ ಸಲ ಊಟ ಬಂದಂತೆ ಕರುಳಿಗೆ ಅನ್ನಿಸುವುದೇ ಇಲ್ಲ, ಅಲ್ವಾ?

ಈಗ ನನ್ನ ಹಾಳೆಯಲ್ಲಿ 'ಸೊನ್ನೆ' ಅನ್ನುವ ಖಾನೆಯೇ ಇಲ್ಲ. ಪ್ರತಿ ಟ್ಯೂಬಿನ ಮೇಲೂ ಗಡಿಯಾರದ ಹೊತ್ತು, ಪಕ್ಕದಲ್ಲಿ ಆ ಕುರಿ ಮಲಗಿತ್ತೋ, ಎದ್ದು ಬಾಗಿಲು ನೋಡುತ್ತಿತ್ತೋ ಅಂತ ಒಂದು ಸಾಲು ಬರೆಯುತ್ತೇನೆ.