ಟ್ಯಾಂಕ್‌ಲೆಸ್ ಗೀಸರ್ ಹಾಕಿಸಬೇಕಾ? ಬಕೆಟ್, ಗಡಿಯಾರ ಹಿಡಿದು ನಾನು ಲೆಕ್ಕ ಹಾಕಿದ ರೀತಿ

ನಮ್ಮ ಮನೆ ಶಿವಮೊಗ್ಗದಲ್ಲಿ. ಕೆಳಗೆ ಅತ್ತೆ, ಮಾವ. ಮೇಲೆ ನಾನು, ನಮ್ಮವರು, ಮಗಳು. ತಾರಸಿ ಮೇಲೆ ಸೋಲಾರ್ ಇದೆ. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಅದರದ್ದೇನೂ ತಕರಾರಿಲ್ಲ. ಜೂನ್ ಹಿಡಿದರೆ ಮಾತ್ರ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆಗ ಐದೂ ಜನರ ಸ್ನಾನ ಕೆಳಗಿನ ಬಚ್ಚಲಿನ ಗೀಸರ್ ಮೇಲೆ ಬೀಳುತ್ತದೆ. ಆ ಹಳೆಯ 25 ಲೀಟರ್ ಗೀಸರ್‌ನ ತಳ ತುಕ್ಕು ಹಿಡಿದು ಸೋರಲು ಶುರುವಾಯಿತು. ಅದರ ಜಾಗಕ್ಕೆ ಏನು ತರುವುದು ಅನ್ನುವ ಪ್ರಶ್ನೆ ಹುಟ್ಟಿದ್ದು ಹಾಗೆ.

ಅಮೆರಿಕದಲ್ಲಿರುವ ಮೈದುನ ಫೋನಿನಲ್ಲಿ, "ಅತ್ತಿಗೆ, ಟ್ಯಾಂಕ್‌ಲೆಸ್ ಹಾಕಿಸಿಬಿಡಿ, ನಾವು ಹಾಕಿಸಿದ ಮೇಲೆ ಬಿಸಿನೀರು ಖಾಲಿ ಆಯ್ತು ಅನ್ನೋ ಮಾತೇ ಇಲ್ಲ" ಅಂದ. ಟ್ಯಾಂಕ್‌ಲೆಸ್ ಅಂದರೆ ನೀರನ್ನು ತುಂಬಿಟ್ಟು ಕಾಯಿಸದೆ, ಹರಿಯುವಾಗಲೇ ಕಾಯಿಸಿ ಕೊಡುವ ಗೀಸರ್. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಇಡೀ ಮನೆಗೆ ಹಾಕುವ ಗ್ಯಾಸ್ ಟ್ಯಾಂಕ್‌ಲೆಸ್ 40–50 ಕಿಲೋವ್ಯಾಟ್ ಶಾಖ ಕೊಡುತ್ತದೆ. ನಮ್ಮ ಅಂಗಡಿಯಲ್ಲಿ "ಇನ್‌ಸ್ಟಂಟ್" ಅಂತ ಸಿಗುವುದು 1 ಅಥವಾ 3 ಲೀಟರಿನ, 3 ಕಿಲೋವ್ಯಾಟಿನ ಪುಟ್ಟ ಪೆಟ್ಟಿಗೆ. ಹುಡುಕಿದರೆ 4.5 ಕಿಲೋವ್ಯಾಟಿನದೂ ಸಿಗುತ್ತದೆ.

ಹಾಗಾಗಿ ಬೆಲೆ ಕೇಳುವ ಮೊದಲು ನಾನು ಮನೆಯಲ್ಲೇ ಅಳೆಯಲು ಕೂತೆ. ಮುಂಜಾನೆ ನಲ್ಲಿ ನೀರಿಗೆ ಥರ್ಮಾಮೀಟರ್ ಇಟ್ಟು ನೋಡಿದೆ: ಹೆಚ್ಚುಕಮ್ಮಿ 20 ಡಿಗ್ರಿ. ಸ್ನಾನಕ್ಕೆ ಹದವಾದ ನೀರು ಅಂದರೆ 40. ಅಂದರೆ 20 ಡಿಗ್ರಿ ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಶಾಲೆಯಲ್ಲಿ ಕಲಿತ ಈ ಒಂದು ಅಂಕಿ ಸಾಕು, ಮಿಕ್ಕಿದ್ದೆಲ್ಲ ಗುಣಾಕಾರ, ಭಾಗಾಕಾರ. ನಮ್ಮ ಬಕೆಟ್ 18 ಲೀಟರಿನದು. ಒಂದು ಬಕೆಟ್ ನೀರು ಕಾಯಲು 1,512 ಕಿಲೋಜೂಲ್, ಅಂದರೆ 0.42 ಯೂನಿಟ್. ಐದು ಜನಕ್ಕೆ ದಿನಕ್ಕೆ 2.1 ಯೂನಿಟ್, ತಿಂಗಳಿಗೆ 63ರ ಹತ್ತಿರ.

ಇದು ಯಾವ ಗೀಸರ್ ಆದರೂ ಅಷ್ಟೇ. ಟ್ಯಾಂಕ್ ಇದ್ದರೂ ಇಲ್ಲದಿದ್ದರೂ ನೀರು ಕಾಯಲು ಬೇಕಾದ ಶಾಖ ಬದಲಾಗುವುದಿಲ್ಲ. ಇನ್‌ಸ್ಟಂಟ್‌ನಲ್ಲಿ ಉಳಿಯುವುದು ಎರಡೇ: ಕಾಯಿಸಿ ಬಳಸದೆ ಬಿಟ್ಟ ನೀರಿನ ಶಾಖ, ಮತ್ತೆ ಟ್ಯಾಂಕ್ ಸುಮ್ನೆ ನಿಂತಾಗ ಆರಿಹೋಗುವ ಶಾಖ. ಸ್ಟೋರೇಜ್ ಗೀಸರ್ ಮೇಲಿನ ಸ್ಟಾರ್ ಹೇಳುವುದೂ ಈ ಎರಡನೆಯದನ್ನೇ, ನಿಂತಲ್ಲೇ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅಂತ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಕೊನೆಯವರು ಹೋಗುವ ಹೊತ್ತಿಗೆ ಸ್ವಿಚ್ ಆಫ್. ನೀರು ಮಿಗುವುದೂ ಇಲ್ಲ, ನಿಂತು ಆರುವುದೂ ಇಲ್ಲ. ಅಂದ ಮೇಲೆ ಉಳಿತಾಯ ಎಲ್ಲಿಂದ ಬರಬೇಕು? "ಇನ್‌ಸ್ಟಂಟ್ ಹಾಕಿಸಿ, ಕರೆಂಟ್ ಬಿಲ್ ಅರ್ಧ ಆಗುತ್ತೆ" ಅನ್ನುವವರು ಇದನ್ನು ಹೇಳುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ನಮ್ಮಂಥವರು ಯೂನಿಟ್ ಲೆಕ್ಕ ಇಡುವುದು ಜಾಸ್ತಿಯಾಗಿದೆ. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ? ಬಿಲ್ ಅರ್ಧ ಆಗುತ್ತೆ ಅನ್ನುವ ಮಾತು ನಿಜವೋ ಸುಳ್ಳೋ ಅಂತ ನೋಡುವುದು ನನಗೆ ಅದಕ್ಕೇ ಮುಖ್ಯವಾಗಿತ್ತು.

ಇನ್ನು ನೀರಿನ ವೇಗ. 3 ಕಿಲೋವ್ಯಾಟ್ ಇನ್‌ಸ್ಟಂಟ್ ನಮ್ಮ 20 ಡಿಗ್ರಿ ನೀರನ್ನು 40ಕ್ಕೆ ಏರಿಸಿ ಕೊಡುವುದು ನಿಮಿಷಕ್ಕೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು. ಬಕೆಟ್ ತುಂಬಲು ಎಂಟು ನಿಮಿಷ ದಾಟುತ್ತದೆ. ಇನ್ನೂ ಬಿಸಿ ಬೇಕೆಂದರೆ ನಲ್ಲಿ ಸಣ್ಣ ಮಾಡಬೇಕು, ಆಗ ನೀರು ದಾರದಂತೆ ಬರುತ್ತದೆ. 3 ಲೀಟರಿನದಾದರೆ ಮೊದಲಿಗೆ ಎರಡು ಚೊಂಬು ಸುಡುನೀರು ಸಿಗುತ್ತದೆ, ಆಮೇಲೆ ಅದೇ ಕಥೆ. ಶವರ್‌ಗಂತೂ ಸಾಲದು. ನಿಮಿಷಕ್ಕೆ 7 ಲೀಟರ್ ಸುರಿಯುವ ಶವರ್‌ಗೆ ಸುಮಾರು 10 ಕಿಲೋವ್ಯಾಟ್ ಬೇಕು. 230 ವೋಲ್ಟಿನಲ್ಲಿ ಅದು 40 ಆಂಪಿಯರ್ ಮೀರುತ್ತದೆ. ನಮ್ಮ ಮನೆಯ ಸಿಂಗಲ್ ಫೇಸ್ ಲೈನ್ ಅದನ್ನು ತಡೆಯುವುದಿಲ್ಲ. ಮಂಜೂರಾದ ಲೋಡ್ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ನಿಗದಿತ ಶುಲ್ಕ ಏರುತ್ತದೆ.

ನಾನು ಯೋಚಿಸಿರದ ಒಂದು ವಿಷಯವನ್ನು ತೋರಿಸಿದ್ದು ನಮ್ಮ ಎಲೆಕ್ಟ್ರಿಷಿಯನ್. ಅವನು ಬೆಳಿಗ್ಗೆ ಆರೂವರೆಗೆ ಬಂದು ಪ್ಲಗ್ಗಿಗೆ ಮೀಟರ್ ಚುಚ್ಚಿದ. "ಅಕ್ಕಾ, ಈಗ ಬೀದಿಯವರೆಲ್ಲ ಮೋಟ್ರು ಹಾಕಿರ್ತಾರೆ, ನೋಡಿ" ಅಂದ. ಮೀಟರ್ 200ರ ಆಸುಪಾಸು ಓಲಾಡುತ್ತಿತ್ತು. ವೋಲ್ಟೇಜ್ ಇಳಿದರೆ ಹೀಟರಿನ ಶಕ್ತಿ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 230ರಲ್ಲಿ 3 ಕಿಲೋವ್ಯಾಟ್ ಕೊಡುವುದು 200ರಲ್ಲಿ ಕೊಡುವುದು ಬರೀ 2.3. ಬಕೆಟ್ ತುಂಬಲು ಎಂಟು ನಿಮಿಷ ಹೋಗಿ ಹನ್ನೊಂದಾಯಿತು. ಸ್ಟೋರೇಜ್ ಗೀಸರ್‌ಗೂ ಇದೇ ನಿಯಮ, ಆದರೆ ಅದನ್ನು ಹತ್ತು ನಿಮಿಷ ಮೊದಲೇ ಹಾಕಿದರೆ ಆಯಿತು. ಇನ್‌ಸ್ಟಂಟ್‌ಗೆ ಆ ಅವಕಾಶವೇ ಇಲ್ಲ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು ಅನ್ನಿ. ಟ್ಯಾಂಕ್ ಕಾದಿದ್ದರೆ ಮಗಳನ್ನು ಸ್ನಾನ ಮಾಡಿಸಿ ಶಾಲೆಗೆ ಕಳಿಸಬಹುದು. ಇನ್‌ಸ್ಟಂಟ್ ಆದರೆ ತಣ್ಣೀರು.

ಹಾಗಾದರೆ ಗ್ಯಾಸ್ ಗೀಸರ್? ನಿಜ ಹೇಳಬೇಕೆಂದರೆ ಇಲ್ಲಿ ನನ್ನ ಮನಸ್ಸು ತುಂಬ ಹೊಯ್ದಾಡಿತು. ಅದೇ ನಿಜವಾದ ಟ್ಯಾಂಕ್‌ಲೆಸ್. ನಿಮಿಷಕ್ಕೆ 6 ಲೀಟರ್ ಹದವಾದ ನೀರು, ಮೂರು ನಿಮಿಷಕ್ಕೆ ಬಕೆಟ್. ಕಿಡಿ ಹೊತ್ತಿಸಲು ಎರಡು ಟಾರ್ಚ್ ಬ್ಯಾಟರಿ ಸಾಕು, ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ಅದನ್ನು ಬಚ್ಚಲಿನ ಒಳಗೆ ಹಾಕುವ ಮಾತನ್ನು ನಾನು ಮೊದಲೇ ತಳ್ಳಿಹಾಕಿದೆ. ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಹೊಡೆಯುವ ವಾಸನೆ ಸುಡದ ಗ್ಯಾಸಿನದು, ಇದರದ್ದಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತಿ, ಚಿಲಕ ತೆಗೆಯುವಷ್ಟೂ ತ್ರಾಣ ಇರುವುದಿಲ್ಲ. ನಮ್ಮ ಮಾವ ಮಳೆಗಾಲದಲ್ಲಿ ಥಂಡಿ ಅಂತ ವೆಂಟಿಲೇಟರ್ ಕಿಂಡಿಗೆ ರಟ್ಟು ಸಿಕ್ಕಿಸುತ್ತಾರೆ. ಎಷ್ಟು ಹೇಳಿದರೂ ಒಂದು ದಿನ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಅಂಥ ಬಚ್ಚಲಿನಲ್ಲಿ ಗ್ಯಾಸ್ ಉರಿಸುವುದಕ್ಕೆ ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ದಯವಿಟ್ಟು ನೀವೂ ಒಪ್ಪಬೇಡಿ.

ಹೊರಗಿನ ಗೋಡೆಗೆ ಹಾಕುವುದು ಸರಿಯಾದ ದಾರಿ. ಪ್ಲಂಬರ್ ಹಿಂದಿನ ಗೋಡೆ ತೋರಿಸಿದ. ಅದು ಪಶ್ಚಿಮದ ಗೋಡೆ, ಮುಂಗಾರು ಮಳೆ ನೇರ ಬಂದು ಹೊಡೆಯುವುದೇ ಅಲ್ಲಿಗೆ. ನಮಗೆ ಅದು ಬೇಕಾದದ್ದೂ ಅದೇ ಮಳೆಯ ತಿಂಗಳುಗಳಲ್ಲಿ. ಅಲ್ಲಿಂದ ಬಚ್ಚಲಿಗೆ ಪೈಪು ದೂರ ಬೇರೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. 12 ಮೀಟರ್ ಎಳೆದರೆ ಪ್ರತಿ ಸಲ 3 ಲೀಟರ್ ತಣ್ಣೀರು ಮೊದಲು ಹೋಗಬೇಕು. ಮೇಲಿನ ಬಚ್ಚಲಿಗೂ ಇದನ್ನೇ ಎಳೆಯೋಣ ಅಂದರೆ ಅಲ್ಲಿ ಒತ್ತಡ ಸಾಲದು. ತಾರಸಿಯ ನೀರಿನ ಟ್ಯಾಂಕ್ 10 ಅಡಿ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 0.3 ಬಾರ್. ನಮ್ಮ ಟ್ಯಾಂಕ್ ಮೇಲಿನ ಶವರ್‌ಗಿಂತ ಆರಡಿ ಮೇಲಿದೆ ಅಷ್ಟೇ. ಒತ್ತಡ ಸಾಲದಿದ್ದರೆ ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಇನ್ನೊಂದು ನಲ್ಲಿ ಬಿಟ್ಟರೆ ಹೊತ್ತಿದ್ದೂ ಆರುತ್ತದೆ.

ಕೊನೆಗೆ ಬಚ್ಚಲಿಗೆ ಮತ್ತೆ 25 ಲೀಟರ್ ಸ್ಟೋರೇಜ್, 2 ಕಿಲೋವ್ಯಾಟ್, 5 ಸ್ಟಾರ್. 20ರಿಂದ 60 ಡಿಗ್ರಿಗೆ ಕಾಯಲು ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ತಣ್ಣೀರು ಬೆರೆಸಿಕೊಂಡರೆ ಎರಡು ಬಕೆಟಿಗೆ ಮೋಸವಿಲ್ಲ. ಮೊದಲಿಬ್ಬರು ಸ್ನಾನ ಮಾಡುವಷ್ಟರಲ್ಲಿ ಮತ್ತೆ ಕಾಯುತ್ತಿರುತ್ತದೆ. ಇನ್‌ಸ್ಟಂಟ್ ಕೂಡ ತಂದೆ, ಆದರೆ ಅಡುಗೆಮನೆಗೆ. ಜಿಡ್ಡಿನ ಪಾತ್ರೆ ತೊಳೆಯಲು ಅತ್ತೆಗೆ ನಿಮಿಷಕ್ಕೆ 2 ಲೀಟರ್ ಧಾರಾಳ. ಅಲ್ಲಿ ಒಂದೆರಡು ನಿಮಿಷ ಬಳಸಿ ನಿಲ್ಲಿಸುತ್ತಾರೆ. ಅಂಥ ಕಡೆ ಟ್ಯಾಂಕ್ ಇಟ್ಟರೆ ಕಾಯಿಸಿದ ನೀರು ದಿನವಿಡೀ ನಿಂತು ಆರುವುದೇ ಜಾಸ್ತಿ. 3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. ಅದಕ್ಕೆ 16 ಆಂಪಿಯರ್ ಪ್ಲಗ್, ಬೋರ್ಡಿನಿಂದಲೇ ಬೇರೆ ವೈರು, ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದೆವು. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮೊದಲು ಇರಲಿಲ್ಲ, ಅದನ್ನೂ ಸೇರಿಸಿದೆವು. ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ ಮತ್ತೊಮ್ಮೆ ಪರೀಕ್ಷೆ ಮಾಡಿದ ಮೇಲೇ ನಾನು ಸ್ವಿಚ್ ಹಾಕಿದ್ದು.

ಮೈಸೂರಿನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಬಾಡಿಗೆಗಿರುವ ನನ್ನ ತಂಗಿ ಇದೇ ಪ್ರಶ್ನೆ ಕೇಳಿದಾಗ, ಇನ್‌ಸ್ಟಂಟ್ ತಗೋ ಅಂತಲೇ ಹೇಳಿದೆ. ಅವಳು ಒಬ್ಬಳೇ, ದಿನಕ್ಕೆ ಒಂದೇ ಬಕೆಟ್, ಸ್ನಾನದ ಹೊತ್ತಿಗೆ ಅಲ್ಲಿ ವೋಲ್ಟೇಜ್ ಇಳಿಯುವುದಿಲ್ಲ. ಬೋರ್‌ವೆಲ್ ನೀರಾ ಅಂತ ಮಾತ್ರ ಮೊದಲು ಕೇಳಿಕೊಂಡೆ. ಗಡಸು ನೀರಾದರೆ ಸುರುಳಿಗೆ ಬಿಳಿ ಸುಣ್ಣದ ಪದರ ಕಟ್ಟಿ ಅಷ್ಟು ಪುಟ್ಟ ಗೀಸರ್ ಬೇಗ ಹಾಳಾಗುತ್ತದೆ. ಅವಳ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಪ್ಲಗ್ ಮಾತ್ರ 6 ಆಂಪಿಯರಿನದು, ಅದನ್ನು ಬದಲಿಸಿ ದಪ್ಪ ವೈರು ಎಳೆಸುವವರೆಗೂ ಪೆಟ್ಟಿಗೆ ಬಿಚ್ಚಬೇಡ ಅಂದಿದ್ದೇನೆ.